ತೆಂಗಿನೆಣ್ಣೆ ಕುಡಿದ ಪಿಸ್ತೂಲು

ನಮ್ಮ ಮನೆಯಲ್ಲಿ ಕಿರುಗುಟ್ಟುವುದಕ್ಕೆಲ್ಲ ಒಂದೇ ಮದ್ದು, ತೆಂಗಿನೆಣ್ಣೆ. ಬಾಗಿಲಿನ ಬಿಜಾಗರಿಗೆ, ಹೊಲಿಗೆ ಮೆಷಿನ್ನಿಗೆ, ಸೈಕಲ್ ಚೈನಿಗೆ, ಅಮ್ಮನ ಮೀನಿನ ಕತ್ತಿಗೆ, ಕೊನೆಗೆ ನನ್ನ ತಲೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮಾಡಿದ ಅವಾಂತರದ ಬೇರು ಇಲ್ಲೇ ಇದೆ.

ನಾನು ಕೋಟೇಶ್ವರದವಳು. ಅಮ್ಮ ತಲ್ಲೂರಿನಲ್ಲಿ ಮೀನು ಮಾರುತ್ತಿದ್ದಳು. ಕಾಲೇಜಿನ ಎನ್‌ಸಿಸಿಯಲ್ಲಿ ನನ್ನ ಗುರಿ ಚೆನ್ನಾಗಿದೆ ಅಂತ ಬ್ರಹ್ಮಾವರದ ಕಡೆಯ ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿಸಿದರು. ಅಲ್ಲಿ ಕಲಿಸುತ್ತಿದ್ದವರು ಸಾಲಿಗ್ರಾಮದ ಒಬ್ಬ ನಿವೃತ್ತ ಸೈನಿಕರು. ಸೈನ್ಯದಲ್ಲಿ ಬಂದೂಕು ರಿಪೇರಿಯೇ ಅವರ ಕೆಲಸವಾಗಿತ್ತು. ನಾವೆಲ್ಲ ಅವರನ್ನು ಮಾಷ್ಟ್ರು ಅನ್ನುತ್ತಿದ್ದೆವು, ಅವರು ನಮ್ಮಂಥ ಹುಡುಗಿಯರನ್ನೆಲ್ಲ ಹೆಣೆ ಅನ್ನುತ್ತಿದ್ದರು. ಸ್ವಂತ ಪಿಸ್ತೂಲು ಇಲ್ಲದ ನನ್ನಂಥವರಿಗೆ ಕ್ಲಬ್ಬಿನಲ್ಲಿ ಒಂದೇ ಒಂದು ಹಳೆಯ ಪಿಸ್ತೂಲಿತ್ತು. ಟ್ರಿಗರ್ ಒತ್ತಿದಾಗಲೆಲ್ಲ ಖಾಲಿ ಕಾಟ್ರಿಜ್ ಹೊರಗೆ ಹಾರಿ, ಗುಂಡು ತುಂಬಿಡುವ ಮ್ಯಾಗಜೀನಿನ ಸ್ಪ್ರಿಂಗು ಮುಂದಿನ ಗುಂಡನ್ನು ಮೇಲಕ್ಕೆ ತಳ್ಳುವಂಥದ್ದು. ನನಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡದು.

ಆಯುಧಪೂಜೆಯ ದಿನ ಮಾಷ್ಟ್ರ ಕಟ್ಟಪ್ಪಣೆಯೆಂದರೆ ಗಂಧ, ಕುಂಕುಮ ಪೆಟ್ಟಿಗೆಗೆ ಮಾತ್ರ, ಕಬ್ಬಿಣಕ್ಕೆ ಮುಟ್ಟಿಸಬಾರದು. ನಾನು ಕುಂಕುಮ ಮುಟ್ಟಿಸಲಿಲ್ಲ ಮಾರಾಯ್ರೆ, ಎಣ್ಣೆ ಮುಟ್ಟಿಸಿದೆ. ಮ್ಯಾಗಜೀನ್ ಒರೆಸಿಡುವ ಕೆಲಸ ನನ್ನದಿತ್ತು. ಉಪ್ಪುಗಾಳಿಗೆ ಕಬ್ಬಿಣ ಉಳಿಯುವ ಊರೇ ನಮ್ಮದು? ಪಾಪ, ತುಕ್ಕು ಹಿಡಿಯದಿರಲಿ ಅಂತ ಪೂಜೆಗೆ ತಂದ ತೆಂಗಿನೆಣ್ಣೆಯನ್ನೇ ಎರಡು ತೊಟ್ಟು ಒಳಗೆ ಬಿಟ್ಟೆ. ಆಮೇಲೆ ಪ್ರತಿ ಅಭ್ಯಾಸದ ನಂತರವೂ ಎರಡು ತೊಟ್ಟು. ಭಕ್ತಿ ನೋಡಿ ನನ್ನದು! ವಾಸನೆ ಬರಲಿಲ್ಲವೇ ಅಂತ ಕೇಳಬೇಡಿ. ನಮ್ಮ ಕಡೆ ಆ ವಾಸನೆ ಯಾರ ತಲೆಯದ್ದು, ಯಾವ ಯಂತ್ರದ್ದು ಅಂತ ಹೇಳುವವರು ಯಾರು?

ಡಿಸೆಂಬರಿನಲ್ಲಿ ಪಿಸ್ತೂಲು ಕೈಕೊಡಲು ಶುರುವಾಯಿತು. ಐದು ಗುಂಡು ತುಂಬಿದರೆ ಮೂರು ಸಲೀಸಾಗಿ ಹೋಗುವುದು, ನಾಲ್ಕನೆಯದು ಅರ್ಧಕ್ಕೆ ಸಿಕ್ಕಿಕೊಳ್ಳುವುದು. ಜನವರಿ ಕೊನೆಗೆ ರಾಜ್ಯ ತಂಡದ ಆಯ್ಕೆ. ಜೂನಿಯರ್ ವಿಭಾಗದಲ್ಲಿ ನನಗದು ಕೊನೆಯ ವರ್ಷ. ಈ ಪಿಸ್ತೂಲು ಬಿಟ್ಟರೆ ನನ್ನ ಕೈಗೆ ಬೇರೆ ಇರಲಿಲ್ಲ.

ಮಾಷ್ಟ್ರು ಮಾಡದ್ದೇ ಇಲ್ಲ. ಬೇರೆ ಪೆಟ್ಟಿಗೆಯ ಗುಂಡು ಹಾಕಿ ನೋಡಿದರು. ಮ್ಯಾಗಜೀನಿನ ತುಟಿ, ಅಂದರೆ ಗುಂಡು ಹೊರಬರುವ ಬಾಯಂಚು, ಬಾಗಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿದರು. ಸ್ಪ್ರಿಂಗು ಸೋತಿದೆ ಅಂತ ಹೊಸ ಸ್ಪ್ರಿಂಗು ತರಿಸಿ ಹಾಕಿದರು. ಅವರು ಬಿಚ್ಚಿ ನೋಡುತ್ತಿದ್ದದ್ದು ಹನ್ನೊಂದು ಗಂಟೆಯ ಬಿಸಿಲಿನಲ್ಲಿ. ಆಗ ಅದು ಮಗುವಿನಂತೆ ಹೇಳಿದ್ದು ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ನಾಲ್ಕನೆಯ ಗುಂಡಿಗೆ ಅದೇ ಹಟ. ಒಂದು ದಿನ ಅವರು ಪಿಸ್ತೂಲನ್ನು ಮೇಜಿನ ಮೇಲಿಟ್ಟು, "ನಂಗೂ ವಯಸ್ಸಾಯ್ತ್ ಹೆಣೆ. ಎಂತಾಯ್ತಂದೇ ಕಾಂತಿಲ್ಲೆ" ಅಂದರು, ಕಾರಣವೇ ಕಾಣದೆ. ಇದು ಇನ್ನು ಬಳಕೆಗೆ ಬಾರದು ಅಂತ ಕಮಿಟಿಗೆ ಬರೆದುಕೊಡಲು ಹೊರಟಿದ್ದರು.

ಮಾರನೆಯ ದಿನ ಚಳಿ ಜೋರಿತ್ತು. ಅಮ್ಮ ತಲ್ಲೂರಿಗೆ ಹೊರಟವಳು ತಲೆಗೆ ಹಾಕಲು ಎಣ್ಣೆ ಬಾಟಲಿ ಬಗ್ಗಿಸಿದಳು. ಒಂದು ಹನಿಯೂ ಬೀಳಲಿಲ್ಲ. "ಎಣ್ಣೆ ಕಟ್ಟಿತ್ ಕಾಣ್ ಹೆಣೆ! ಬಿಸಿಲ್ ಬಿದ್ರೆ ಕರಗತ್ತ್, ಅಲ್ಲಿವರಿಗೆ ಕೂಕಂಬುಕೆ ನಂಗ್ ಪುರ್ಸೊತ್ತಿತ್ತಾ?" ಅಂತ ಬಾಟಲಿಯನ್ನು ಬಿಸಿನೀರಿಗೆ ಅದ್ದಿದಳು.

ನಾನು ಬಾಟಲಿಯನ್ನೇ ನೋಡುತ್ತ ನಿಂತೆ. ಬೆಳಿಗ್ಗೆ ಗಟ್ಟಿ, ಬಿಸಿಲಿಗೆ ನೀರು. ಅಯ್ಯೋ ದೇವರೇ.

ಚಾ ಕೂಡ ಕುಡಿಯದೆ ಬಸ್ಸು ಹತ್ತಿದೆ. ಮಾಷ್ಟ್ರ ಮುಂದೆ ನಿಂತು, "ತಪ್ಪಾಯ್ತ್ ಮಾಷ್ಟ್ರೇ, ಮ್ಯಾಗಜೀನಿಗೆ ತೆಂಗಿನೆಣ್ಣೆ ಹಾಕದ್ದ್ ನಾನ್" ಅಂದೆ. ಅವರು ನನ್ನನ್ನು ನೋಡಿದರು, ಪಿಸ್ತೂಲನ್ನು ನೋಡಿದರು.

"ತಲಿಗ್ ಹಾಕು ಎಣ್ಣೆ ಇದ್ಕ್ ಹಾಕಿದ್ಯಾ? ಯಾವತ್ತಿಂದ?"

"ಆಯುಧಪೂಜೆಯಿಂದ."

ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು ಹೋಗಿ ಸೀಮೆಎಣ್ಣೆ ತಂದರು. ಮ್ಯಾಗಜೀನ್ ಬಿಚ್ಚಿದರೆ ಒಳಗೆ ಬಿಳಿ ಜಿಡ್ಡು, ಸ್ಪ್ರಿಂಗಿನ ಸುರುಳಿ ಸುರುಳಿಗೂ ಮೆತ್ತಿತ್ತು. ಅಷ್ಟು ಜಿಡ್ಡಿನಲ್ಲಿ ಪಾಪದ ಸ್ಪ್ರಿಂಗು ಕೊನೆಯ ಗುಂಡುಗಳನ್ನು ಮೇಲೆ ತರುವುದಾದರೂ ಹೇಗೆ? ಇಬ್ಬರೂ ಕೂತು ತೊಳೆದು ಒರೆಸಿದೆವು. ಮರುದಿನ ಬೆಳಿಗ್ಗೆ ಏಳಕ್ಕೆ ಐದಕ್ಕೆ ಐದೂ ಹೋದವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಮಾಷ್ಟ್ರ ಅಪ್ಪಣೆಯಿಲ್ಲದೆ ಆಯುಧಕ್ಕೆ ಏನಾದರೂ ಮಾಡಿದವರು ಒಂದು ವರ್ಷ ಗುಂಡು ಹಾರಿಸುವ ರೇಂಜಿಗೆ ಕಾಲಿಡುವಂತಿಲ್ಲ. ಶನಿವಾರದ ಮೀಟಿಂಗಿನಲ್ಲಿ ಕಾರ್ಯದರ್ಶಿಗಳು ಎಲ್ಲರ ಎದುರು ಕೇಳಿದರು, "ಇಷ್ಟು ದಿನ ತೊಂದರೆ ಕೊಟ್ಟದ್ದಕ್ಕೆ ಕಾರಣ ಏನು ಮಾಷ್ಟ್ರೇ?"

ಸುಮ್ಮನಿರುವ ಬಾಯಲ್ಲ ನನ್ನದು. ಆದರೆ ಆ ಹೊತ್ತಿಗೆ ಮುಂದೆ ಕೂತವರ ಬೆನ್ನ ಹಿಂದೆ ತಲೆ ತಗ್ಗಿಸಿದೆ. ಮಾಷ್ಟ್ರೇ ಎದ್ದು ನಿಂತರು. "ತೆಂಗಿನೆಣ್ಣೆ ಹಾಕಿ ಆದದ್ದ್. ಹಾಕದ್ದ್ ನಾನೇ. ವಯಸ್ಸಾಯ್ತಲೆ, ಬಾಟ್ಲಿ ತಪ್ಪಿ ಹೋಯ್ತ್."

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಂದೂಕು ರಿಪೇರಿಯಲ್ಲೇ ಕೂದಲು ನರೆತ ಮನುಷ್ಯ ಪಿಸ್ತೂಲಿಗೆ ತೆಂಗಿನೆಣ್ಣೆ ಹಾಕಿದರಂತೆ! ಅಂದಿನಿಂದ ಅವರಿಗೆ 'ಎಣ್ಣೆ ಮಾಷ್ಟ್ರು' ಅಂತಲೇ ಹೆಸರಾಯಿತು. ಹೊರಗೆ ಬಂದ ಮೇಲೆ ನಾನು ಅಳುತ್ತ, ಹಾಗ್ಯಾಕೆ ಹೇಳಿದಿರಿ ಅಂತ ಕೇಳಿದೆ. "ನಂಗ್ ಇನ್ ಯಾವ್ ಸೆಲೆಕ್ಷನ್ ಇತ್ತ್ ಮಾರಾಯ್ತಿ? ಹೋಯ್ಕಾದ್ದ್ ನೀನ್. ಬಾಯ್ ಮುಚ್ಕಂಡ್ ಹೋಗ್" ಅಂದರು.

ಹೋದೆ. ಗೆದ್ದೆ. ರಾಜ್ಯ ತಂಡದಲ್ಲಿ ಆಡಿದ್ದರಿಂದಲೇ ಮುಂದೆ ನನಗೆ ಕ್ರೀಡಾ ಶಿಕ್ಷಕಿಯ ಕೆಲಸ ಸಿಕ್ಕಿತು, ಇವತ್ತು ನಾನು ಉಣ್ಣುತ್ತಿರುವ ಅನ್ನ ಅದರದ್ದು. ಬಾಯನ್ನು ಮಾತ್ರ ಇಷ್ಟು ವರ್ಷ ಮುಚ್ಚಿಕೊಂಡೇ ಇದ್ದೆ.

ಕಳೆದ ತಿಂಗಳು ಕ್ಲಬ್ಬಿನವರು ಮಾಷ್ಟ್ರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಪರಿಚಯಿಸಲು ಎದ್ದವರು ಮೈಕ್ ಹಿಡಿದು ಮೊದಲಿಗೇ, "ನಮ್ಮ ಎಣ್ಣೆ ಮಾಷ್ಟ್ರು..." ಅಂದರು. ಸಭೆ ನಕ್ಕಿತು. ಶಾಲು ಹೊದ್ದು ಕೂತ ಮಾಷ್ಟ್ರೂ ನಕ್ಕರು. ನನಗೆ ತಡೆಯಲಾಗಲಿಲ್ಲ. ಎದ್ದು ವೇದಿಕೆಯ ಹತ್ತಿರ ಹೋದೆ. ಹಿಂದೆ ಕೂತವರಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಹೇಳಿದೆ, "ಎಣ್ಣೆ ಹಾಕಿದ್ದು ಇವರಲ್ಲ. ನಾನು."

ನಗು ನಿಂತಿತು. "ಕೂಕೊ ಹೆಣೆ, ಕೂಕೊ" ಅಂದರು ಮಾಷ್ಟ್ರು, ಕನ್ನಡಕ ತೆಗೆದು ಶಾಲಿನ ತುದಿಯಿಂದ ಕಣ್ಣು ಒರೆಸುತ್ತ. ಜೀವನದಲ್ಲಿ ಮೊದಲ ಸಲ ನಾನು ಅವರ ಮಾತು ಕೇಳಲಿಲ್ಲ. ಮೈಕ್ ಇಸಿದುಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳಿದೆ.