ನೋವಿನ ಮದ್ದು ಮುಗಿದ ದಿನ

ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುವ ವಿಂಚಿನ ಹಗ್ಗಕ್ಕೂ ಉರುಳೆಗೂ ನಡುವೆ ನನ್ನ ಬಲಗೈ ಸಿಕ್ಕಿದಾಗ, ಅದನ್ನು ಓಡಿಸಿ ನಿಲ್ಲಿಸುವ ಲಿವರ್ ಹಿಡಿದು ನಿಂತಿದ್ದವನು ನನ್ನ ಭಾವ, ಹೆಂಡತಿಯ ಅಣ್ಣ. ನಿಲ್ಲಿಸು ಅಂತ ಬೊಬ್ಬೆ ಹೊಡೆದೆ. ಅವನು ಬಲೆಯ ಕಡೆ ನೋಡುತ್ತಿದ್ದ. ಮೂಳೆ ಮುರಿದ ಸದ್ದು ಎಂಜಿನ್ನಿನ ಗದ್ದಲದಲ್ಲೂ ನನಗೆ ಕೇಳಿಸಿತು. ಕೈ ಹೊರಗೆ ಬಂದಾಗ ಹೆಬ್ಬೆರಳು ಒಂದಿಷ್ಟು ಚರ್ಮಕ್ಕೆ ಅಂಟಿಕೊಂಡು ನೇತಾಡುತ್ತಿತ್ತು. ಗಂಗೊಳ್ಳಿ ಬಂದರು ಮುಟ್ಟುವವರೆಗೂ ಅವನನ್ನು ಕೊಂದುಹಾಕುವ ಯೋಚನೆಯೊಂದೇ ನನ್ನನ್ನು ಎಚ್ಚರವಾಗಿಟ್ಟಿತು.

ಕುಂದಾಪುರದ ಒಂದು ಸಣ್ಣ ಆಸ್ಪತ್ರೆಗೆ ಒಯ್ದರು. ಡಾಕ್ಟರು ಬೆರಳು ನೋಡಿ, "ತುದಿಯಲ್ಲಿ ಇನ್ನೂ ರಕ್ತ ಓಡ್ತಾ ಉಂಟು, ಉಳಿಸಬಹುದು. ಈಗಲೇ ಆಗ್ಬೇಕು. ಉಡುಪಿಯ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಪ್ಪಾಗ್ತದೆ" ಎಂದರು. ಆಮೇಲೆ ತಲೆ ತುರಿಸಿಕೊಂಡರು. ಕೈಯನ್ನು ಹೆಚ್ಚು ಹೊತ್ತು ಮರಗಟ್ಟಿಸುವ ಇಂಜೆಕ್ಷನ್ ಸಪ್ಲೈ ಬಂದಿರಲಿಲ್ಲ. ರಕ್ತನಾಳಕ್ಕೆ ಕೊಡುವ ಬಲವಾದ ನೋವಿನ ಮದ್ದೂ ಮುಗಿದಿತ್ತು. ಬೈಂದೂರಿಗೂ ಬ್ರಹ್ಮಾವರಕ್ಕೂ ಫೋನ್ ಮಾಡಿಸಿದರು, ಅಲ್ಲೂ ಇಲ್ಲ. ಪೂರ್ತಿ ಮಲಗಿಸೋಣವೆಂದರೆ ನಾನು ಬಲೆ ಎಳೆಯುವ ಸ್ವಲ್ಪ ಮೊದಲಷ್ಟೇ ಬೋಟಿನಲ್ಲಿ ಹೊಟ್ಟೆ ತುಂಬ ಗಂಜಿ ಉಂಡಿದ್ದೆ. ವಾಂತಿ ಶ್ವಾಸಕ್ಕೆ ಹೋದರೆ ಜೀವಕ್ಕೇ ಕುತ್ತು. ಉಳಿದದ್ದು ಕೈ ಮರಗಟ್ಟಿಸಿದರೂ ಬೇಗ ಇಳಿದುಬಿಡುವ ಮದ್ದು ಮಾತ್ರ.

"ಬೆರಳು ತೆಗೆಯುವುದಾದರೆ ಇದು ಸಾಕು. ಜೋಡಿಸುವುದಾದರೆ ಮಧ್ಯದಲ್ಲೇ ನೋವು ಬರ್ತದೆ. ನೀವೇ ಹೇಳಿ."

ಬಲೆ ಹೊಲಿಯುವವನಿಗೆ ಹೆಬ್ಬೆರಳು ಹೋದರೆ ಕೈ ಬರೀ ಸೌಟು. "ಜೋಡ್ಸಿ" ಎಂದೆ.

ಇಡೀ ಕೈ ಮರಗಟ್ಟಲೆಂದು ಆ ಮದ್ದನ್ನೇ ಕಂಕುಳಲ್ಲಿ ಚುಚ್ಚಿದರು. ನನ್ನನ್ನು ಹಿಡಿಯಲು ಜನ ಸಾಲದೆ, ಹೊರಗೆ ನಿಂತಿದ್ದ ಭಾವನಿಗೇ ಹಸಿರು ಅಂಗಿ ತೊಡಿಸಿ ಒಳಗೆ ಕರೆದರು. ಊರಲ್ಲಿ ಬೇರೆ ಯಾರೂ ಸಿಗಲಿಲ್ಲ ನೋಡಿ!

ಮೂಳೆಗೆ ತಂತಿ ಇಳಿಸುವವರೆಗೆ ಏನೂ ಗೊತ್ತಾಗಲಿಲ್ಲ. ಹೊಲಿಗೆ ಶುರುವಾದಾಗ ಮದ್ದು ಇಳಿಯಿತು. ಮೊದಲು ಬಿಸಿ, ಆಮೇಲೆ ಸೂಜಿಯ ಒಂದೊಂದು ಎಳೆತ. "ಇನ್ನೂ ಹಾಕಿದರೆ ಹೃದಯಕ್ಕೆ ಅಪಾಯ, ಸ್ವಲ್ಪ ತಡ್ಕೊಳ್ಳಿ" ಎಂದರು ಡಾಕ್ಟರು. ತಡೆದುಕೊಳ್ಳಬೇಕಂತೆ! ಕುದಿಯುವ ಎಣ್ಣೆಯಲ್ಲಿ ಕೈಯಿಟ್ಟವನಿಗೆ ಹೇಳುವ ಮಾತೇ ಅದು? ನಾನು ಒದ್ದೆ, ಉಗಿದೆ, ಡಾಕ್ಟರ ವಂಶವನ್ನೆಲ್ಲ ಜಾಲಾಡಿದೆ. ಭಾವ ಎದೆಯ ಮೇಲೆ ಬಿದ್ದು ನನ್ನ ಭುಜ, ಮೊಣಕೈ ಒತ್ತಿ ಹಿಡಿದಿದ್ದ.

"ಬಿಡಾ! ಎದ್ರೆ ನಿನ್ನ ಕೊಲ್ತೆ!"

"ಕೊಲ್ಲ್ ಮಾರಾಯ. ಕೈ ಮಾತ್ರ ಅಲ್ಲಾಡ್ಸ್ಬೇಡ. ನಾ ಬಿಡುದಿಲ್ಲೆ."

ತಲೆಯೆತ್ತಿ ಹಣೆಯಿಂದ ಅವನ ಮೂಗಿಗೆ ಗುದ್ದಿದೆ. ಲಟಕ್ಕೆಂದಿತು. ಅವನ ಮಾಸ್ಕ್ ಕೆಂಪಾಗಿ ರಕ್ತ ನನ್ನ ಬಾಯಿಗೇ ಸೋರಿತು. ಮತ್ತೊಮ್ಮೆ ಗುದ್ದಿದೆ. ಮೊದಲನೆಯದು ನೋವು ತಾಳಲಾರದೆ. ಎರಡನೆಯದು ಅವನು ವಿಂಚ್ ನಿಲ್ಲಿಸದೆ ಇದ್ದದ್ದಕ್ಕೆ. ಅವನು ಕಣ್ಣು ಮುಚ್ಚಿ ಹಿಡಿದೇ ಇದ್ದ. ನನ್ನ ಕೈ ಮೇಜು ಬಿಟ್ಟು ಏಳಲಿಲ್ಲ. ಕೊನೆಯ ಹೊಲಿಗೆ ಬೀಳುವಾಗ ಇಬ್ಬರೂ ಅಳುತ್ತಿದ್ದೆವು.

ಬೆರಳು ಉಳಿಯಿತು. ಪೂರ್ತಿ ಮಡಚುವುದಿಲ್ಲ, ಆದರೆ ಬಲೆಯ ಸೂಜಿ ಹಿಡಿಯುತ್ತದೆ. ಭಾವನ ಮೂಗು ಎಡಕ್ಕೆ ವಾಲಿದೆ. ಆ ಮದ್ದು ಯಾಕೆ ಬಂದಿರಲಿಲ್ಲವೆಂದು ಇವತ್ತಿನವರೆಗೆ ಯಾರೂ ಹೇಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮತ್ತೆ ಬೋಟಿಗೆ ಹೋದ ಮೊದಲ ದಿನ, ಬಲೆ ಎಳೆಯುವ ಹೊತ್ತಿಗೆ ನಾನು ಹಗ್ಗದ ಕಡೆ ನಡೆದೆ. ಭಾವ ಅಡ್ಡ ಬಂದ.

"ಹ್ವಾಯ್, ನೀ ಲಿವರಿಗೆ ನಿಲ್ಲ್. ಹಗ್ಗ ನಾ ಹಿಡಿತೆ."

ಅವನ ಎರಡೂ ಕೈ ಉರುಳೆಯ ಬಾಯಲ್ಲಿ. ಲಿವರ್ ನನ್ನ ಹೊಲಿದ ಹೆಬ್ಬೆರಳಿನಡಿ. ಕೊಲ್ಲುತ್ತೇನೆಂದವನನ್ನೇ ಅಲ್ಲಿ ನಿಲ್ಲಿಸಿದ್ದ. ನಾನು ಅವನ ಕೈಗಳ ಮೇಲೇ ಕಣ್ಣಿಟ್ಟಿದ್ದೆ, ಬಲೆಯ ಕಡೆ ಒಮ್ಮೆಯೂ ನೋಡಲಿಲ್ಲ.