ಉದ್ದಪ್ಪನ ಆಟಿಕೆ ರೈಲು ದಾರಿ ಬದಲಿಸಿದ್ದು

ಗೋಕಾಕದ ಗೊಂಬೆಗಾರರ ಓಣಿಯಲ್ಲಿ ಕರೆಪ್ಪನ ಹೆಸರು ಹೇಳಿದರೆ ಮಂದಿ ಎದ್ದು ನಿಲ್ಲುತ್ತಿದ್ದರು. ಅವನು ಮಾಡಿದ ಕಟ್ಟಿಗೆಯ ಬಾಳೆಹಣ್ಣು ಕಚ್ಚಿ ಮಂಗ ಹಲ್ಲು ನೋಯಿಸಿಕೊಂಡು ಓಡಿತ್ತಂತೆ. ಅವನ ಮಗ ಲಗಮಣ್ಣ ಹುಕ್ಕೇರಿಯ ದೇಸಾಯರೊಬ್ಬರ ತೊಟ್ಟಿಲಿಗೆ ಗಿಳಿ ಕೆತ್ತಿ ಶಾಲು ಹೊದ್ದು ಬಂದವನು. ಆ ಲಗಮಣ್ಣನ ಮಗನೇ ಉದ್ದಪ್ಪ. ಅಜ್ಜನ ಕೈ, ಅಪ್ಪನ ಬಿಂಕ, ಎರಡೂ ಇವನಿಗೆ ಬಂದಿದ್ದವು.

ಆದರೆ ಮೂವತ್ತೆಂಟನೆಯ ಇಸವಿಯ ಹೊತ್ತಿಗೆ ಪೇಟೆಗೆ ತಗಡಿನ ಆಟಿಕೆ ಬಂದು, ಓಣಿಯ ಎಷ್ಟೋ ಜನ ಉಳಿ ಕೆಳಗಿಟ್ಟು ನೂಲಿನ ಗಿರಣಿ ಸೇರಿದ್ದರು. ಆಗ ಮೂಡಲಗಿಯ ಬೆಲ್ಲದ ವ್ಯಾಪಾರಿ ರಾಚಪ್ಪ ಉದ್ದಪ್ಪನಿಗೆ ಒಂದು ಆಟಿಕೆ ರೈಲು ಮಾಡಲು ಹೇಳಿದ. ಕೀಲಿ ಕೊಟ್ಟರೆ ಗಾಡಿ ಓಡಬೇಕು. ಗುಂಡಿ ಒತ್ತಿದರೆ ಹಳಿ ತಾನೇ ಸರಿದು ಗಾಡಿ ಬೇರೆ ದಾರಿ ಹಿಡಿಯಬೇಕು. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಆಗದಿದ್ದರೆ ಸೋಮವಾರದಿಂದ ಗಿರಣಿಗೆ ಹೋಗುವುದಾಗಿ ಉದ್ದಪ್ಪ ಹೆಂಡತಿ ಸಾವಿತ್ರವ್ವನಿಗೆ ಮಾತು ಕೊಟ್ಟಿದ್ದ.

ಗಿರಣಿಯ ಫಿಟ್ಟರ್, ಗೆಳೆಯ ಮುರಿಗೆಪ್ಪ ವಾಯರಿನ ಕೆಲಸ ಕಲಿಸಿದ. ಹಲಗೆಯ ಮೇಲೆ ಹಿತ್ತಾಳೆಯ ಎರಡು ಗುಂಡಿ, ಕೆಳಗೆ ತಂತಿಯ ಎರಡು ಸುರುಳಿ. ಬ್ಯಾಟರಿಯ ಕರೆಂಟು ಒಂದಕ್ಕೆ ಹರಿದರೆ ಕಬ್ಬಿಣದ ಸರಳು ಹಳಿಯನ್ನು ಇತ್ತ ಎಳೆಯುತ್ತಿತ್ತು, ಇನ್ನೊಂದಕ್ಕೆ ಹರಿದರೆ ಅತ್ತ. ಜೋಡಿಸಿದ ದಿನ ಟಕ್ಕೆಂದು ಸರಿದಿತ್ತು. ರಾಚಪ್ಪ ಬರುವ ದಿನ ಮುಂಜಾನೆ ಒತ್ತಿದರೆ ಹಳಿ ಸತ್ತ ಹಾವಿನಂತೆ ಬಿದ್ದುಕೊಂಡಿತ್ತು.

“ಬ್ಯಾಟರಿ ಸತ್ತೈತಿ,” ಎಂದ ಉದ್ದಪ್ಪ.

ಪಕ್ಕದಲ್ಲಿದ್ದ ಮುರಿಗೆಪ್ಪ ಬ್ಯಾಟರಿಯ ಎರಡು ತಂತಿಯ ತುದಿ ತಾಗಿಸಿದ. ಚಟ್ಟನೆ ಕಿಡಿ ಹಾರಿತು. “ನಿನಗಿಂತ ಚುರುಕೈತಿ ನೋಡಪಾ ಬ್ಯಾಟರಿ!”

“ಗಿರಣಿಗೆ ಹಾಕ್ಕೊಂಡ ಹೋಗಾಕ ಅಂಗಿ ಒಗದ ಇಡ್ಲೇನ್ರಿ?” ಎಂದು ಸಾವಿತ್ರವ್ವ ಒಳಗಿನಿಂದಲೇ ಚುಚ್ಚಿದಳು.

ಉದ್ದಪ್ಪನ ಬೆರಳು ಮತ್ತೆ ಗುಂಡಿಯ ಮೇಲೆ ಹೋಯಿತು. ಗೊಂಬೆಯ ಕೆನ್ನೆಯಂತೆ ನುಣುಪು. ಅಲ್ಲಿಯೇ ಅವನಿಗೆ ನೆನಪಾಯಿತು. ಬಣ್ಣ ಹಚ್ಚದ ಬರಿಮೈಯ ಸಾಮಾನು ಗೊಂಬೆಗಾರನ ಹೊಸ್ತಿಲು ದಾಟಬಾರದು ಎಂಬುದು ಮನೆತನದ ನೇಮ. ಹಿತ್ತಾಳೆ ಬರಿದಾಗಿ ಕಂಡದ್ದು ತಡೆಯದೆ, ಹಿಂದಿನ ದಿನ ಎರಡೂ ಗುಂಡಿಗೂ ಅವುಗಳಡಿಯ ಪಟ್ಟಿಗೂ ಕೆಂಪು ಅರಗು ಬಳಿದು ತಿಕ್ಕಿ ಮಿರುಗಿಸಿದ್ದ!

“ಅರಗಿನೊಳಗ ಕರೆಂಟು ಹಾಯ್ತೈತೇನೋ ಶಾಣ್ಯಾ?” ಅವನ ಬೆರಳಡಿಯ ಕೆಂಪು ನೋಡಿ ಮುರಿಗೆಪ್ಪ ಹೊಟ್ಟೆ ಹಿಡಿದು ನಕ್ಕ.

ಉದ್ದಪ್ಪ ಚೂರಿ ತೆಗೆದು ಅರಗು ಹೆರೆದ. ಒತ್ತಿದ. ಟಕ್! ಇನ್ನೊಂದನ್ನು ಒತ್ತಿದ. ಟಕ್! ಸಾವಿತ್ರವ್ವ ಬಾಗಿಲಿಗೆ ಬಂದು ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

ಮಧ್ಯಾಹ್ನ ರಾಚಪ್ಪ ಗುಂಡಿ ಒತ್ತಿದ. ಗಾಡಿ ಬಾಗಿ ಬೇರೆ ದಾರಿ ಹಿಡಿಯಿತು. ಮುದುಕ ವ್ಯಾಪಾರಿ ಚಪ್ಪಾಳೆ ತಟ್ಟಿ, “ಭೇಷ್! ನಾಳೆ ತಂದು ನಮ್ಮ ಮನ್ಯಾಗ ಜೋಡಸ್ರಿ. ವರ್ಷದ ಕೆಲಸ ನಿಮಗ,” ಎಂದು ಹೋದ.

“ನಾಳೆ ಗಿರಣಿಗೆ ಸೂಟಿ ಐತಿ. ಮೂಡಲಗಿಗೆ ನಾನೂ ಬರ್ತೇನಿ, ವಾಯರು ನಾ ಜೋಡಸ್ತೇನಿ,” ಎಂದ ಮುರಿಗೆಪ್ಪ.

ಉದ್ದಪ್ಪ ಮೀಸೆಯಡಿ ನಕ್ಕ.

“ಬ್ಯಾಡೋ ದೋಸ್ತ. ಕೆಡಿಸಿದಾಂವ ನಾನ, ಸುದ್ದ ಮಾಡಿದಾಂವ ನಾನ. ಜೋಡಸಾಂವನೂ ನಾನ. ನೀ ಮನ್ಯಾಗ ಬಿದ್ದು ನಿದ್ದಿ ಮಾಡು.”