ಬರೇ ಮಾಣಿಕ

ಎಣ್ಣೆ ತೀಡಿದ ಮೀಸೆ, ಎರಡೂ ಕೈತುಂಬ ಹಸಿರು ಗಾಜಿನ ಬಳೆ, ತುಟಿಗೆ ಅಂಟಿದ ಮೈಕು. ಮಾಣಿಕನಗರದ ಕಡೆಯಿಂದ ಆಟೋ ತಿರುಗಿತೆಂದರೆ ಮೊದಲು ಬಳೆಗಳ ಸದ್ದು, ಹಿಂದೆಯೇ ಆ ಧ್ವನಿ: "ಸೀರಿ ಬಂದಾವ ಸೀರಿ, ಹೊಸಾ ಸೀರಿ ನೋಡ್ರಿ, ಉಟ್ಟು ನೋಡ್ರಿ, ಉಡಿಸಿ ನೋಡ್ರಿ, ಒಲ್ಲೆ ಅಂದ ಗಂಡನ ಮಾರಿ ನೋಡ್ರಿ!" ತೊಂಬತ್ತರ ದಶಕದ ಹುಮನಾಬಾದಿಗೆ ಸೀರೆಯ ಸೇಲೂ ಟಾಕೀಜಿನ ಹೊಸ ಪಿಕ್ಚರೂ ತಿಳಿಯುತ್ತಿದ್ದದ್ದು ಹೀಗೆ. ನಾನು ಚಹಾದ ಕಪ್ಪು ಹಿಡಿದು ಗೇಟಿಗೆ ಓಡುತ್ತಿದ್ದೆ. ಸೀರೆಗಲ್ಲ, ಆ ಧ್ವನಿಗೆ. ಸಚ್ ಎ ವಾಯ್ಸ್!

ಮನೆಯವರು ಇಟ್ಟ ಹೆಸರು ಮಾಣಿಕರಾವ್. ಓಣಿಯ ಹೆಂಗಸರು ಪ್ರೀತಿಯಿಂದ ಮಾಣಿಕಬಾಯಿ ಅನ್ನುತ್ತಿದ್ದರು. ನಾನು ಏನೆನ್ನಲಿ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ರಾವ್ ಬ್ಯಾಡ್ರಿ ಅಕ್ಕೋರೆ, ಬಾಯಿನೂ ಬ್ಯಾಡ್ರಿ. ನಾ ಪೂರಾ ಗಂಡಸೂ ಅಲ್ಲ, ಪೂರಾ ಹೆಂಗಸೂ ಅಲ್ಲ. ಬರೇ ಮಾಣಿಕ ಅನ್ರಿ. ಅದ್ರಾಗ ನಾ ಪೂರಾ ಅದೀನಿ."

ಅಂದಿನಿಂದ ನನಗೆ ಅವರು ಬರೇ ಮಾಣಿಕ. 'ಅವರು' ಎಂದೇ ಬರೆಯುತ್ತೇನೆ. ಆರ್ಟಿಸ್ಟಿಗೆ ಅಷ್ಟು ಗೌರವ ಸಲ್ಲಲೇಬೇಕು. ಊರಿನ ಪುಂಡರಿಗೆ ಮಾತ್ರ ಈ ಗೌರವದ ಗೊಡವೆ ಇರಲಿಲ್ಲ. ಪಾನ್ ಅಂಗಡಿಯ ಮುಂದೆ ಒಬ್ಬ, "ಏ, ನಿನಗ ಕಾಕಾ ಅನ್ಬೇಕೋ ಕಾಕು ಅನ್ಬೇಕೋ?" ಎಂದು ಕೂಗಿದ. ಆಟೋ ನಿಂತಿತು. "ಮೊದಲ ಚಹಾ ಕುಡಸಪಾ," ಎಂದಿತು ಲೌಡ್‌ಸ್ಪೀಕರು ಇಡೀ ಬಜಾರಿಗೆ ಕೇಳುವಂತೆ, "ಆಮ್ಯಾಲ ಏನ್ ಬೇಕಾದ್ದು ಅನ್ನು!" ಹುಡುಗ ಚಹಾ ಕುಡಿಸಬೇಕಾಯಿತು, ಡ್ರೈವರನಿಗೂ.

ನಮ್ಮ ಮನೆಗೆ ಆಗಷ್ಟೇ ಕೇಬಲ್ ಬಂದಿತ್ತು. ನೀರು ಕುಡಿಯಲು ಬಂದ ಮಾಣಿಕ ಟಿವಿಯ ಮುಂದೆ ಲೋಟ ಹಿಡಿದುಕೊಂಡೇ ನಿಂತುಬಿಟ್ಟರು. ಟೋಪಿಯನ್ನು ಹಿಂದುಮುಂದಾಗಿ ಹಾಕಿದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಉಸಿರು ಬಿಡದೆ ಏನೋ ಒದರುತ್ತಿದ್ದ.

"ಅಕ್ಕೋರೆ, ನೀವು ಕಾನ್ವೆಂಟ್ ಕಲತಾವ್ರು. ಈ ಹುಡುಗ ಯಾರಿಗಿ ಇಷ್ಟ್ ಬೈಯಾಕತ್ತಾನ?"

ಕಿವಿಗೊಟ್ಟು ಕೇಳಿದೆ. ನಮ್ಮ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷು ಇಷ್ಟು ಜೋರಾಗಿ ಓಡುತ್ತಿರಲಿಲ್ಲ. "ಐ ಹ್ಯಾವ್ ನೋ ಐಡಿಯಾ, ಮಾಣಿಕ. ಇದಕ್ಕೆ ರ‍್ಯಾಪ್ ಅಂತಾರಂತೆ."

"ಹೋಗ್ಲಿ ಬಿಡ್ರಿ. ನಮ್ಮವ್ವ ಒಡಪು ಹೇಳಿದಂಗೇ ಅದ. ಬರೇ ಜರಾ ಲಗೂ ಲಗೂ."

ಅದೇ ಅವರ ಸಂಗೀತಶಾಲೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ನಮ್ಮ ಕಡೆಯ ಹೆಂಗಸರು ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಅದನ್ನು ಒಡಪಿನ ಪ್ರಾಸದೊಳಗೆ ಸುತ್ತಿ ಹೇಳುತ್ತಾರಲ್ಲ, ಆ ಒಡಪಿಗೆ ಮಾಣಿಕ ತಾಳ ಕಟ್ಟಿದರು. ನನ್ನ ಸ್ಟೀಲ್ ತಾಟಿನ ಮೇಲೆ ಬೆರಳು ಬಡಿದು, ಬಳೆ ಕುಣಿಸಿ, ಬಾಯಲ್ಲೇ ಡೋಲು ನುಡಿಸಿ. ತಾಟು ಇವತ್ತಿಗೂ ಒಂದು ಕಡೆ ತಗ್ಗಾಗಿದೆ.

ಬಸವಕಲ್ಯಾಣದ ಶಿವರಾಜ ಎಂಬಾತನ ಆರ್ಕೆಸ್ಟ್ರಾ ಸೇರಿದಾಗ ತಕರಾರು ಶುರುವಾಯಿತು. ಅವನ ಸ್ಟೇಜಿನಲ್ಲಿ ಎರಡು ಮೈಕು, ಬಲಕ್ಕೆ ಜೆಂಟ್ಸ್, ಎಡಕ್ಕೆ ಲೇಡೀಸ್. ಮಾಣಿಕ ಎರಡೂ ಧ್ವನಿಯಲ್ಲಿ ಹಾಡಬಲ್ಲರು. ಒಂದು ಊರಲ್ಲಿ ಮಾಣಿಕರಾವ್ ಎಂದು ಕರೆದು ಬಳೆ ಬಿಚ್ಚಿಸುತ್ತಿದ್ದ, ಇನ್ನೊಂದರಲ್ಲಿ ಮಾಣಿಕಬಾಯಿ ಎಂದು ಮೀಸೆಗೆ ಸೆರಗು ಮುಚ್ಚಿಸುತ್ತಿದ್ದ. ಸ್ವಂತ ಹೆಸರಲ್ಲಿ, ಸ್ವಂತ ವೇಷದಲ್ಲಿ, ಸ್ವಂತ ರ‍್ಯಾಪ್ ಹಾಡಬೇಕೆಂಬುದೊಂದೇ ಮಾಣಿಕರ ಹಟ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಮದುವೆಗೆ ಅವನು ಒಪ್ಪಿದ.

"ಒಂದೇ ಹಾಡು. ಮಂದಿ ಎದ್ದು ಹೋದ್ರ ನಿನಗ ಆಟೋನೇ ಗತಿ. ಮತ್ತ ನನ್ನ ಸ್ಟೇಜ್ ಹತ್ತಬ್ಯಾಡ."

ಮದುಮಗಳು ರೇಣುಕಾ ನನ್ನ ಹಳೆಯ ವಿದ್ಯಾರ್ಥಿನಿ. ಹಾಗಾಗಿ ಬಸವಕಲ್ಯಾಣದ ಆ ಮಂಟಪದಲ್ಲಿ ನಾನೂ ಇದ್ದೆ. ಮಾಣಿಕ ಮೀಸೆ, ಬಳೆ ಎರಡರೊಂದಿಗೂ ಸ್ಟೇಜಿನ ನಡುವೆ ನಿಂತು ಬಾಯಿ ತೆರೆಯುವುದಕ್ಕೂ ಊಟದ ಪಂಕ್ತಿಗೆ ಕರೆ ಬರುವುದಕ್ಕೂ ಸರಿಹೋಯಿತು. ಮುಂದಿನ ಸಾಲಿನ ಗಂಡಸರು ಎದ್ದರು. ಹಿಂದಿನವರೂ ಎದ್ದರು. ಶಿವರಾಜ ಮಾಣಿಕರ ಕಡೆ ನೋಡಿ ತಲೆಯಾಡಿಸಿದ.

ಅದೇ ಹೊತ್ತಿಗೆ ಪಕ್ಕದ ಗಂಡಿನ ಮನೆಯ ಬಾಗಿಲಲ್ಲಿ ಇನ್ನೊಂದು ಪೇಚು. ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತಿದ್ದರು. "ಹೆಸರ ಹೇಳು, ಒಳಗ ಬಾ!" ಕಲಿತ ಒಡಪೆಲ್ಲ ಮರೆತು ರೇಣುಕಾ ಬೆವೆತಿದ್ದಳು. ಮಾಣಿಕ ಮೈಕಿನ ಉದ್ದ ವೈರು ಎಳೆದುಕೊಂಡೇ ಸ್ಟೇಜು ಇಳಿದು ಬಂದರು. ಬಳೆಯಲ್ಲಿ ತಾಳ ಹಾಕಿ ಮೆಲ್ಲಗೆ ಒಂದು ಸಾಲು ಎತ್ತಿಕೊಟ್ಟರು. ಹುಡುಗಿ ಆ ತಾಳಕ್ಕೆ ಕಾಲು ಕುಣಿಸುತ್ತ ಗಂಡನ ಹೆಸರನ್ನು ಎಷ್ಟು ಜೋರಾಗಿ ಹೇಳಿದಳೆಂದರೆ, ಅವನು ಗಾಬರಿಯಾಗಿ "ಆಂ?" ಎಂದ.

ಆಮೇಲೆ ಯಾರು ಬಿಡುತ್ತಾರೆ! ಅತ್ತೆ, ಅಜ್ಜಿ, ನೆರೆಯವರು, ಎಲ್ಲರಿಗೂ ಮೈಕು ಬೇಕು. "ಪ್ಲೀಸ್, ನೋ" ಎಂದು ನಾನು ಹಿಂದೆ ಸರಿದರೆ ಮಾಣಿಕ ನನ್ನ ಬಾಯಿಗೇ ಹಿಡಿದರು. ಅಲ್ಲಿಯೇ ಹೊಳೆದದ್ದು:

"ಕಪ್ಪಿಗೆ ಸಾಸರ್ ಜೋಡಿ, ಪೆನ್ನಿಗೆ ಇಂಕಿನ ಸಾಥ್,
ನನ್ನ ಕೂಡ ಜಗಳಕ್ಕೆ ಒಬ್ಬರೇ, ರಘುನಾಥ್!"

ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ಗಂಡಸರು ಪಂಕ್ತಿಯಿಂದ ಎದ್ದು ಬಂದರು. ನಮ್ಮ ಯಜಮಾನರೂ.

ಆಗ ವರನ ಸೋದರತ್ತೆ ಶಾಂತಾಬಾಯಿ ಸೊಂಟಕ್ಕೆ ಕೈಯಿಟ್ಟು ಕೇಳಿದರು: "ಎಲ್ಲಾರ ಬಾಯಾಗಿಂದೂ ಹೆಸರ ಹೊರಗ ತಗದ್ರಿ. ನೀವು ಯಾರ ಹೆಸರ ಹೇಳ್ತೀರಿ?"

ಗದ್ದಲ ನಿಂತಿತು. ಶಿವರಾಜ ವೈರು ಕೀಳಲು ಬಗ್ಗಿದ್ದನ್ನು ನಾನು ಕಂಡೆ. ಮಾಣಿಕ ಒಮ್ಮೆ ಉಸಿರು ಎಳೆದುಕೊಂಡರು.

"ಕೈತುಂಬ ಹಸರ ಬಳಿ, ತುಟಿಮ್ಯಾಲ ಮೀಸಿ ಕರಿ,
ನೋಡಾವ್ರು ನೋಡ್ರಿ, ನಗಾವ್ರು ನಕ್ಕೋತ ಇರ್ರಿ,
ಕಲ್ಯಾಣದಿಂದ ಕೂಗ್ತೀನಿ, ಕೇಳಲಿ ಹುಮನಾಬಾದ ತನಕ,
ಕನ್ನಡಿಯಾಗ ನನ್ನ ನೋಡಿ ನಕ್ಕವರ ಹೆಸರು, ಮಾಣಿಕ!"

ಮೊದಲು ಸಿಳ್ಳೆ ಹಾಕಿದವರು ಎಂಬತ್ತರ ಅಜ್ಜಿ. ಆಮೇಲಿನದು ನನಗೆ ಕೇಳಿಸಲೇ ಇಲ್ಲ, ಅಷ್ಟು ಗಲಾಟೆ. ಶಿವರಾಜ ವೈರು ಬಿಟ್ಟು ತಾನೇ ಡ್ರಮ್ಮಿಗೆ ಕೂತ.

ಮದುವೆ ಮುಗಿದು ಉಡುಗೊರೆಯ ಆಹೇರಿ ಕೊಡುವಾಗ ಶಾಂತಾಬಾಯಿ ಪೇಚಾಡಿದರು. ನಮ್ಮಲ್ಲಿ ಹೆಂಗಸರಿಗೆ ಉಡಿಯಲ್ಲಿ ರವಿಕೆಯ ಖಣ, ಗಂಡಸರಿಗೆ ತಲೆಗೆ ಟೋಪಿ. ತಟ್ಟೆ ಹಿಡಿದು ಮಾಣಿಕರ ಮುಂದೆ ನಿಂತರು, ಮೀಸೆ ನೋಡಿದರು, ಬಳೆ ನೋಡಿದರು. "ನನಗೇನ್ ಕಡಿಮಿ ಅದೇನು?" ಎಂದು ಗದರಿ ಖಣವನ್ನೂ ಕೊಟ್ಟರು, ಟೋಪಿಯನ್ನೂ ಇಟ್ಟರು. ಸ್ಟೇಜಿನ ಮೇಲೆ ಅಳದ ಮಾಣಿಕ ಆಗ ಅತ್ತರು.

ಮುಂದೆ ಕೆಲವು ವರ್ಷ ಶಿವರಾಜನ ಸ್ಟೇಜಿನಲ್ಲಿ ಮೂರು ಮೈಕು. ಮಂಠಾಳ, ಹಳ್ಳಿಖೇಡ, ಎಲ್ಲಿ ಹೋದರೂ ನಡುವಿನದು ಮಾಣಿಕರದ್ದು. ಕೊನೆಯ ಭೇಟಿ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ. ಸೋಲಾಪುರದ ದೊಡ್ಡ ಆರ್ಕೆಸ್ಟ್ರಾ ಪಾರ್ಟಿಯೊಂದು ಕರೆಸಿಕೊಂಡಿತ್ತು. ತಲೆಯ ಮೇಲೆ ಅದೇ ಟೋಪಿ, ಖಣದಲ್ಲಿ ಹೊಲಿಸಿದ ಜಾಕೀಟು. ಬಸ್ಸು ಹೊರಟಾಗ ಕಿಟಕಿಯ ಸರಳಿನ ಮೇಲೆ ಬಳೆಯಲ್ಲಿ ತಾಳ ಹಾಕುತ್ತಲೇ ಇದ್ದರು. ಆಮೇಲೆ ನಾನು ಅವರನ್ನು ಕಂಡಿಲ್ಲ.

ಮೊನ್ನೆ ರೇಣುಕಾಳ ಮಗಳ ಮದುವೆಗೆ ಕಲ್ಯಾಣಕ್ಕೆ ಹೋಗಿದ್ದೆ. ಶಾಂತಾಬಾಯಿಗೆ ಈಗ ಕಣ್ಣು ಮಂಜು. ಆದರೂ ಆಹೇರಿಯ ತಟ್ಟೆಗಳನ್ನು ತಾವೇ ಜೋಡಿಸುತ್ತಿದ್ದರು, ಒಂದರಲ್ಲಿ ಖಣಗಳು, ಒಂದರಲ್ಲಿ ಟೋಪಿಗಳು. ಮೂರನೆಯ ಸಣ್ಣ ತಟ್ಟೆಯಲ್ಲಿ ಒಂದು ಖಣ, ಅದರ ಮೇಲೊಂದು ಟೋಪಿ.

"ಇದು ಯಾರಿಗೆ?" ಎಂದೆ, ಗೊತ್ತಿದ್ದೂ.

"ಪ್ರತಿ ಮದಿವ್ಯಾಗೂ ಇಡ್ತೀನ್ರಿ ಅಕ್ಕೋರೆ," ಎಂದರು ಟೋಪಿಯ ಮಡಿಕೆ ನೀವುತ್ತ. "ಬಂದ್ರ ಹುಡಕೋತ ಕುಂಡ್ರಬಾರದು ನೋಡ್ರಿ."